ಮಾಸಿನ ಎಳೆತ

ಏಳನೇ ತಿಂಗಳಲ್ಲಿ ಎರಡೂ ಮನೆಯವರು ಆಸ್ಪತ್ರೆಗೆ ಬಂದು, ಗರ್ಭದ ಮಾಸು ತಾಯಿಯ ರಕ್ತದಿಂದ ಮಗುವಿಗೆ ಎಷ್ಟು ಪೋಷಣೆ ಎಳೆದುಕೊಳ್ಳಬೇಕೆಂದು ಒಪ್ಪಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ತಂದೆಯಿಂದ ಬಂದ ಜೀನುಗಳು ಮಗುವಿಗೆ ಇನ್ನಷ್ಟು ಬೇಕೆಂದು ಎಳೆಯುತ್ತವೆ, ತಾಯಿಯವು ಸಾಕೆಂದು ತಡೆಯುತ್ತವೆ. ಅದಕ್ಕೇ ಗಂಡನ ಮನೆಯವರು ಏರಿಸಿ ಎನ್ನುತ್ತಾರೆ, ತವರಿನವರು ಇಳಿಸಿ ಎನ್ನುತ್ತಾರೆ. ಆ ಎಳೆತವನ್ನು ಏರಿಸಿ ಇಳಿಸುವ ಯಂತ್ರದ ಮುಳ್ಳು ನಡುವೆ ಎಲ್ಲೋ ನಿಲ್ಲುತ್ತದೆ.

ನನ್ನ ರಕ್ತದೊತ್ತಡ ಏರಿತ್ತು. ಮಗುವಿನ ತೂಕ ಕಡಿಮೆಯಿತ್ತು.

"ಇಳಿಸ್ರಿ ಸಿಸ್ಟರ್," ಎಂದರು ಅತ್ತೆ. "ಸೊಸೆ ಕಾಲು ಹೆಂಗೆ ಊದ್ಯಾವೆ ನೋಡ್ರಿ."

"ಏರಿಸ್ರಿ," ಎಂದಳು ಅವ್ವ. "ಕೂಸು ಬಡಕಲಾದ್ರೆ ಬೀಗರು ನಮ್ಮನ್ನೇ ಅಂತಾರೆ."

"ನಾನೆಲ್ಲಿ ಅಂದೆ?"

"ಇನ್ನೂ ಅಂದಿಲ್ಲ."

ಸಿಸ್ಟರ್ ಸರ್ವಮಂಗಳಾ ಇಬ್ಬರನ್ನೂ ನೋಡಿದರು. "ಕುರ್ಚಿ ಅದಲುಬದಲಾಗೈತೇನ್ರಿ?" ಎಂದವರು ನನ್ನತ್ತ ತಿರುಗಿದರು. "ನೀವೇ ಹೇಳ್ರಮ್ಮ."

ಯಾರು ಯಾರ ಪರ ಮಾತಾಡುತ್ತಾರೆಂದು ನಾನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ನನ್ನ ಪರವಾಗಿ ನಾನೇ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು, ಅವ್ವ ಹೊಟ್ಟೆಯನ್ನು.

"ಒಂದು ಗೆರೆ ಇಳಿಸಿ," ಎಂದೆ.

ಮುಳ್ಳು ಇಳಿಯಿತು. ತಪ್ಪಾಯಿತು ಎಂದು ಮೆಲ್ಲಗೆ ಹೇಳಿದೆ. ಹೊಟ್ಟೆಗೆ ಹೇಳಿದೆನೋ ಅವ್ವನಿಗೆ ಹೇಳಿದೆನೋ ಈಗಲೂ ಗೊತ್ತಿಲ್ಲ.