ಶಾಂಭವಿ ಮೇಡಂ ನಂಬರ್

ಟೆಂಟ್ ಕಟ್ಟಿಕೊಂಡು ಕಾಡು ಸುತ್ತುವವರ ಆನ್‌ಲೈನ್ ಗುಂಪು ಅವನದು. ಸದಸ್ಯರು ಸಾವಿರಾರು, ಬಾಯಿ ಬಿಡುವವರೇ ಇಲ್ಲ. ಜಗಳವಿಲ್ಲದೆ ಚರ್ಚೆಗೆ ಕಾವು ಬರುವುದಿಲ್ಲವೆಂದು ಅವನೇ ಶಾಂಭವಿ ಎಂಬ ಸುಳ್ಳು ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದ. ತನ್ನ ಹೆಸರಿನಲ್ಲಿ ತಾನು ನಂಬಿದ್ದನ್ನು ಬರೆಯುವುದು, ಶಾಂಭವಿಯಾಗಿ ಅದಕ್ಕೆ ತದ್ವಿರುದ್ಧ ಬರೆಯುವುದು.

ಟೆಂಟಿಗೆ ದೊಡ್ಡ ಮರದ ಆಸರೆಯೇ ಸರಿ ಎಂದು ಅವನು ಬರೆದ. ಹೊಳೆದಂಡೆಯ ಮೆತ್ತನೆ ಮರಳೇ ಸರಿ ಎಂದಳು ಶಾಂಭವಿ. ಗುಂಪು ಎರಡು ಹೋಳಾಗಿ ಕಿತ್ತಾಡಿತು. ಅವನಿಗೆ ಖುಷಿಯೋ ಖುಷಿ. ಆ ಶನಿವಾರ ಒಂದಷ್ಟು ಸದಸ್ಯರು ಒಟ್ಟಿಗೆ ಕ್ಯಾಂಪಿಗೂ ಹೊರಟರು.

ಭಾನುವಾರ ಬೆಳಿಗ್ಗೆ ಅವರಲ್ಲೊಬ್ಬನ ಫೋನ್ ಬಂತು.

"ಸಾರ್, ಶಾಂಭವಿ ಮೇಡಂ ನಂಬರ್ ಬೇಕಿತ್ತು."

"ಯಾಕೆ?"

"ಅವರ ಮಾತು ಕೇಳಿ ಹೊಳೆ ಪಕ್ಕ ಟೆಂಟ್ ಹಾಕಿದ್ವಿ. ಸಂಜೆ ಗಾಳಿ ಮಳೆ ಶುರುವಾಯ್ತು ನೋಡಿ..."

ಆ ಕಡೆ ಯಾರೋ ಅಳುವುದು ಕೇಳಿಸುತ್ತಿತ್ತು.

"ತಪ್ಪು ನನ್ನದು ಕಣಪ್ಪಾ," ಎಂದುಬಿಟ್ಟ. "ಶಾಂಭವಿ ಅಂತ ಯಾರೂ ಇಲ್ಲ. ಚರ್ಚೆ ಜೋರಾಗ್ಲಿ ಅಂತ ನಾನೇ ಬಾಯಿಗೆ ಬಂದಿದ್ದು ಬರೀತಿದ್ದೆ. ಹೊಳೆ ನೀರು ಏರುತ್ತೆ ಅಂತ ಗೊತ್ತಿದ್ದೂ ಬರೆದೆ."

"ನೀರು ಏರಲಿಲ್ಲ ಸಾರ್. ಮೇಡಂಗೆ ಥ್ಯಾಂಕ್ಸ್ ಹೇಳೋಣ ಅಂತಿದ್ದೆ. ಕೊಂಬೆ ಮುರಿದುಬಿದ್ದಿದ್ದು, ನಿಮ್ಮ ಮಾತು ನಂಬಿ ಮರದ ಕೆಳಗೆ ಟೆಂಟ್ ಹಾಕಿದ್ದೋರ ಮೇಲೆ."