ಪಡಸಾಲೆಯ ಬೇವು

ಬಯಲಿನಲ್ಲಿ ಜನ ಬಿಟ್ಟುಹೋದ ಮನೆಗಳಿಗೆ ಮರಗಳು ನಡೆದು ಬಂದು ಸೇರಿಕೊಳ್ಳುವುದು ಹೊಸದೇನಲ್ಲ. ಬದುಕಿಡೀ ಕುರಿಗಳ ಹಿಂದೆ ಅಲೆದ ಮಾಳವ್ವ ನೆಲೆ ನಿಲ್ಲಲೆಂದು ಅಂಥದೊಂದು ಪಾಳುಮನೆಗೆ ಬಂದಾಗ, ಬೇವಿನಮರವೊಂದು ಪಡಸಾಲೆಯಲ್ಲಿ ನಿಂತು ಕುಸಿದ ಮಾಳಿಗೆಯಿಂದ ತಲೆ ಹೊರಹಾಕಿತ್ತು.

“ಇನ್ನ ಇದು ನನ್ನ ಮನಿ. ನೀ ಬ್ಯಾರೆ ಕಡೆ ನೋಡ್ಕೊ,” ಎಂದು ಗದರಿದಳು.

ಬೆಳಗಾಗುವುದರೊಳಗೆ ಮರ ಹೊರಟುಹೋಗಿತ್ತು. ಮಧ್ಯಾಹ್ನದ ಬಿಸಿಲು ಪಡಸಾಲೆಗೆ ಇಳಿದಾಗ ಮಾಳವ್ವನಿಗೆ ತಪ್ಪು ತಿಳಿಯಿತು. ಬೇರು ಎಳೆದ ಗುರುತು ಹಿಡಿದು ಎರಡು ಹರದಾರಿ ನಡೆದಳು. ಇನ್ನೊಂದು ಪಾಳುಮನೆಯ ಹಿತ್ತಲಲ್ಲಿ ಬೇವು ನಿಂತಿತ್ತು.

“ಬಾರವ್ವಾ, ಸಿಟ್ಟಿನ್ಯಾಗ ಅಂದೆ. ಒಬ್ಬಾಕಿಗೆ ಅಷ್ಟು ದೊಡ್ಡ ಮನಿ ಯಾಕ?”

ಬೇವು ಅಲುಗಲಿಲ್ಲ. ಅವಳು ಸಪ್ಪೆ ಮೋರೆ ಹಾಕಿಕೊಂಡು ಮರಳಿದಳು.

ಮರುದಿನ ಕಣ್ಣುಬಿಟ್ಟಾಗ ಮನೆತುಂಬ ತಂಪು ನೆರಳು. ಮಾಳವ್ವ ಹಿಗ್ಗಿ ಎದ್ದಳು. ಬೇವು ಬಂದಿತ್ತು, ಆದರೆ ಬಾಗಿಲಿಗೇ ಅಡ್ಡವಾಗಿ ಬೇರೂರಿತ್ತು. ಅಂದಿನಿಂದ ಅವಳು ಕಿಟಕಿ ಹತ್ತಿಳಿದು ಓಡಾಡುತ್ತಾಳೆ.