ಗಾಜಿನಾಚೆಯ ತುತ್ತು

ಗಾಜಿನಾಚೆ ದಪ್ಪ ಮೀನೊಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಕಲಬುರಗಿಯ ಬ್ಯಾಂಕಿನಿಂದ ಈ ಕಡಲೂರಿಗೆ ವರ್ಗವಾಗಿದ್ದ ಮಲ್ಲಿಕಾ ರಜೆಯ ದಿನ ಒಬ್ಬಳೇ ಮತ್ಸ್ಯಾಲಯಕ್ಕೆ ಬಂದು, ಕಮಲಾಪುರದಲ್ಲಿ ಅಜ್ಜಿಯ ಬಳಿಯಿದ್ದ ಮಗಳಿಗೆ ವಿಡಿಯೊ ಕಾಲ್‌ನಲ್ಲಿ ಮೀನು ತೋರಿಸುತ್ತಿದ್ದಳು.

“ಅದಕ್ಕ ಹಸಿವಾಗ್ಯದ, ಮಮ್ಮಿ!” ಎಂದ ಸೃಷ್ಟಿ, ತನ್ನ ತಟ್ಟೆಯ ಹಾಲು-ರೊಟ್ಟಿಯ ತುತ್ತೊಂದನ್ನು ತಂದು ಫೋನಿಗೇ ಒತ್ತಿಬಿಟ್ಟಳು.

“ಏ ಹುಡುಗಿ, ಫೋನ್ ಹಾಳಾಗ್ತದ!” ಅಜ್ಜಿ ಗದರಿದ್ದು ಇಲ್ಲಿಗೂ ಕೇಳಿಸಿತು. ಮಲ್ಲಿಕಾಳ ಕೈಯಲ್ಲಿದ್ದ ಪರದೆಯ ಮೇಲೆ ಮಗಳ ಮುಖ ಅಳಿಸಿಹೋಗಿ ಬರೀ ಬಿಳುಪು ಉಳಿಯಿತು. ಆ ಬಿಳುಪಿನೊಳಗಿಂದಲೇ ದನಿ ಬಂತು:

“ಮೀನ ಉಂಡಿತು. ಈಗ ನೀ ‘ಆ’ ಅನ್ನು.”

ಸೆಲ್ಫಿ ತೆಗೆಯುತ್ತಿದ್ದ ಅಷ್ಟು ಜನರ ನಡುವೆ ಮಲ್ಲಿಕಾ ಫೋನನ್ನು ತನ್ನತ್ತ ತಿರುಗಿಸಿಕೊಂಡು, ಆ ಮೀನಿನ ಹಾಗೆಯೇ ಬಾಯಿ ತೆರೆದು ನಿಂತಳು.